ವಿಭೂತಿ ಹಚ್ಚಿ ಬಿಟ್ಟ ಮೀನು

ಮೀನು ಹಿಡಿಯುವ ಲಿಂಗವಂತರನ್ನು ನೀವು ನೋಡಿರಲಿಕ್ಕಿಲ್ಲ. ನಾನು ಒಬ್ಬರನ್ನು ನೋಡಿದ್ದೇನೆ. ಅವರು ನನ್ನ ಹೆಂಡತಿಯ ತಂದೆ, ಹುಮನಾಬಾದಿನವರು, ತಹಸೀಲಿ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೋದ ತಿಂಗಳು ತೀರಿಕೊಂಡರು. ಊರಿನ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ಇನ್ನೂ ಇದೆ. ನಗುಮುಖದ ಫೋಟೋ, ಹಣೆ ತುಂಬ ವಿಭೂತಿ, ಕೆಳಗೆ ದೊಡ್ಡ ಅಕ್ಷರಗಳಲ್ಲಿ ‘ಒಂದು ಜೀವವನ್ನೂ ನೋಯಿಸದ ಪುಣ್ಯಾತ್ಮ’. ಬರೆಸಿದವನು ನನ್ನ ಭಾವಮೈದುನ. ಅಚ್ಚಿಗೆ ಕೊಡುವ ಮೊದಲು ಮೊಬೈಲಿಗೆ ಕಳಿಸಿ ‘ಹ್ಯಾಂಗದ ಭಾವಾರ?’ ಎಂದು ಕೇಳಿದ. ‘ಛಲೋ ಅದ’ ಎಂದು ಉತ್ತರ ಕೊಟ್ಟವನು ನಾನೇ.

ಮಾವನವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಕೈಗಳು. ಅಷ್ಟು ಶುಭ್ರವಾದ ಕೈಗಳನ್ನು ನಾನು ಡಾಕ್ಟರುಗಳಲ್ಲೂ ಕಂಡಿಲ್ಲ. ಸೋಮವಾರಕ್ಕೊಮ್ಮೆ ತಪ್ಪದೆ ಉಗುರು ತೆಗೆಯುತ್ತಿದ್ದರು. ಹೆಗಲ ಮೇಲೆ ಸದಾ ಒಂದು ಬಿಳಿಯ ಟವೆಲು. ಬಾಗಿಲ ಚಿಲಕ ಮುಟ್ಟಿದರೂ ಒರೆಸಿಕೊಳ್ಳಬೇಕು, ಮೊಮ್ಮಗಳ ಗಲ್ಲ ಹಿಂಡಿದರೂ ಒರೆಸಿಕೊಳ್ಳಬೇಕು. ಆ ಕೈ ಕಚೇರಿಯಲ್ಲಿಯೂ ಶುಭ್ರವಾಗಿತ್ತು. ಅದನ್ನು ಹೇಳದೆ ಮುಂದೆ ಹೋದರೆ ನಾನು ಕೃತಘ್ನನಾಗುತ್ತೇನೆ. ಆ ಕುರ್ಚಿಯಲ್ಲಿ ಕೂತು ಬೇರೆಯವರ ಒಂದು ಕಪ್ ಚಹಾ ಕುಡಿದವರಲ್ಲ. ಮಾತು ಮಾತಿಗೆ ‘ನನ್ನ ಕೈ ನೋಡ್ರಿ’ ಎಂದು ಎರಡೂ ಅಂಗೈ ಚಾಚುವುದು ಅವರ ಅಭ್ಯಾಸ. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪನಿಗೂ ಹಾಗೇ ಚಾಚಿ ತೋರಿಸಿದರು. ಕೊಡುವ ತೆಗೆದುಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು.

ಮೀನಿನ ಹುಚ್ಚು ಅವರಿಗೆ ಹತ್ತಿದ್ದು ಸರ್ಕಾರದ ಖರ್ಚಿನಲ್ಲಿ. ನೌಕರಿಯಲ್ಲಿದ್ದಾಗ ರಜೆ ಪ್ರವಾಸದ ಭತ್ಯೆ ಪಡೆದು ಕುಟುಂಬ ಸಮೇತ ಹಿಮಾಚಲಕ್ಕೆ ಹೋಗಿದ್ದರಂತೆ. ಎಲ್ಲರೂ ಹಿಮ ನೋಡಲು ಹೊರಟರೆ ಇವರು ದಾರಿಯಲ್ಲಿ ಒಂದು ಸಣ್ಣ ಹೊಳೆಯ ದಂಡೆಗೆ ನಿಂತುಬಿಟ್ಟರು. ಅಲ್ಲಿ ಒಬ್ಬ ಮುದುಕ ಮೊಣಕಾಲುದ್ದ ನೀರಿನಲ್ಲಿ ನಿಂತು, ಉದ್ದನೆಯ ಕೋಲಿನಿಂದ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ದಾರದ ತುದಿಗೆ ಗರಿಯಿಂದ ಕಟ್ಟಿದ ಒಂದು ಹುಳ. ಟ್ರೌಟ್ ಎಂಬ ಹೊಳೆಮೀನು ಅದನ್ನು ನಿಜವಾದ ಹುಳವೆಂದು ಹಾರಿ ಕಚ್ಚಿತು. ಮುದುಕ ಅದನ್ನು ಹಿಡಿದು, ಒಮ್ಮೆ ನೋಡಿ, ಮತ್ತೆ ನೀರಿಗೆ ಬಿಟ್ಟ. ಹಿಡಿಯಬಹುದು, ಆದರೂ ಕೊಲ್ಲಬೇಕಾಗಿಲ್ಲ ಎಂಬುದು ಮಾವನವರಿಗೆ ಆ ದಿನ ಗೊತ್ತಾಯಿತು. ಅತ್ತೆಯವರಿಗೆ ಮಾತ್ರ ಆ ಪ್ರವಾಸದ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ. ‘ಎಲ್ಲಾರೂ ಬರ್ಫ ನೋಡಿ ಬಂದ್ರು. ನಾ ಇವ್ರ ಬೆನ್ನ ನೋಡ್ಕೋತ ಕುಂತೆ’ ಎನ್ನುತ್ತಿದ್ದರು.

ಬರುವಾಗ ದಿಲ್ಲಿಯಲ್ಲಿ ಅಂಥದೇ ಒಂದು ಕೋಲು ಕೊಂಡು ತಂದರು. ನಮ್ಮ ಕಡೆಯ ಹಳ್ಳದಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಕೊಹಿನೂರಿನ ಹತ್ತಿರ ಅವರ ಹೊಲ, ಹೊಲದ ಅಂಚಿಗೆ ಒಂದು ಹಳ್ಳ. ಮಳೆಗಾಲ ಮುಗಿದ ಮೇಲೆ ಮೂರು ನಾಲ್ಕು ತಿಂಗಳು ತಿಳಿನೀರು ಹರಿಯುತ್ತದೆ. ಅದರಲ್ಲಿ ಗೇಣುದ್ದದ ಬೆಳ್ಳಿ ಬಣ್ಣದ ಮೀನುಗಳು, ಕೆಂಪು ರೆಕ್ಕೆಯ ಮೀನುಗಳು, ಒಂದು ಆಳವಾದ ಮಡುವಿನಲ್ಲಿ ಹಾವಿನ ತಲೆಯಂಥ ತಲೆಯಿರುವ ಕಪ್ಪು ಮರಲ್. ಮಾವನವರ ಬಾಯಲ್ಲಿ ಎಲ್ಲವೂ ಟ್ರೌಟ್. ‘ಇದು ನಮ್ಮ ಕಲ್ಯಾಣದ ಟ್ರೌಟ್ ನೋಡ್ರಿ, ಮಾಸ್ತರ’ ಎಂದು ನನಗೆ ತೋರಿಸುತ್ತಿದ್ದರು. ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಾಸ್ತರ, ವಿಜ್ಞಾನ ಕಲಿಸುವವನು. ತಿದ್ದಬಹುದಿತ್ತು. ಅಳಿಯನಾದವನು ಮಾವನ ಮನೆಯಲ್ಲಿ ಮೀನಿನ ಹೆಸರಿಗೆ ಜಗಳ ತೆಗೆಯುತ್ತಾನೆಯೆ?

ಗಾಳಕೋಲನ್ನು ಅತ್ತೆಯವರು ಹುಮನಾಬಾದಿನ ಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಪೂಜೆಯ ಮನೆಯಿರುವ ಕಡೆ ಅದು ಬರಕೂಡದು ಎಂದರು. ಹಾಗಾಗಿ ಕೋಲು ಹೊಲದ ಕೊಟ್ಟಿಗೆಯಲ್ಲಿ ಇರುತ್ತಿತ್ತು. ಅದೇ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಒಂದು ಸ್ಟೀಲ್ ಗ್ಲಾಸು ಬೋರಲಾಗಿ ಇರುತ್ತಿತ್ತು. ಅದು ಮಾಣಿಕನ ಚಹಾದ ಗ್ಲಾಸು. ಮಾಣಿಕ ಅವರ ಹೊಲದಲ್ಲಿ ಹದಿನೇಳು ವರ್ಷ ದುಡಿದ ಆಳು, ಅಲ್ಲೇ ಕೆಳಗಿನ ಬೌದ್ಧರ ಕೇರಿಯವನು. ಹೊಲದ ಮನೆಯ ಪಡಸಾಲೆಗೆ ಕೋಲೂ ಬರುತ್ತಿರಲಿಲ್ಲ, ಮಾಣಿಕನೂ ಬರುತ್ತಿರಲಿಲ್ಲ. ಯಾರೂ ಬೇಡವೆಂದು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾದ ಅಗತ್ಯವೇ ಬೀಳದ ಹಾಗೆ ನಡೆದುಹೋಗುತ್ತಿತ್ತು.

ಎರೆಹುಳ ಚುಚ್ಚುವುದು ಮಾವನವರಿಗೆ ಆಗದ ಮಾತು. ಹುಳವೂ ಒಂದು ಜೀವ ತಾನೆ? ಅದಕ್ಕೆ ತಾವೇ ಹುಳ ಕಟ್ಟುತ್ತಿದ್ದರು. ಮೂಗಿನ ತುದಿಗೆ ಕನ್ನಡಕ ಇಳಿಸಿ, ಕಿಟಕಿಯ ಬೆಳಕಿಗೆ ಕೂತು, ಗಾಳದ ಮುಳ್ಳಿಗೆ ಕೋಳಿಯ ಕುತ್ತಿಗೆಗರಿ ಸುತ್ತಿ, ಅತ್ತೆಯವರ ಹಳೆ ಸೀರೆಯ ಜರಿ ಎಳೆಯಿಂದ ಬಿಗಿಯುವರು. ಗರಿ ತಂದು ಕೊಡುವ ಕೆಲಸ ಮಾಣಿಕನದು. ತಂದ ಗರಿಯನ್ನು ಮಾವನವರು ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿದ ಮೇಲೆಯೇ ಮುಟ್ಟುತ್ತಿದ್ದರು. ಕಟ್ಟಿ ಮುಗಿಸಿದ ಹುಳವನ್ನು ಅಂಗೈ ಮೇಲಿಟ್ಟು ಊದಿದರೆ ಅದು ಎದ್ದು ಹಾರುತ್ತದೇನೋ ಅನಿಸುತ್ತಿತ್ತು. ನಿಜಕ್ಕೂ ಒಳ್ಳೆಯ ಕೈ. ಆಮೇಲೆ ಸಣ್ಣ ಇಕ್ಕಳದಿಂದ ಗಾಳದ ಹಿಂಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ, ತಮ್ಮ ಹೆಬ್ಬೆರಳಿಗೇ ಚುಚ್ಚಿ ನೋಡುವರು. ‘ನನಗ ಎಷ್ಟು ಹತ್ತತದ, ಅದಕ್ಕೂ ಅಷ್ಟ ಹತ್ತಬೇಕು’ ಎನ್ನುವರು.

ದಸರೆಯ ರಜೆಗೆ ನಾವು ಕಲಬುರಗಿಯಿಂದ ಹೋಗುವುದು ವರ್ಷದ ಕಟ್ಟು. ಬನ್ನಿ ಹಂಚಿದ ಮರುದಿನ ಮನೆಯವರೆಲ್ಲ ಜೀಪಿನಲ್ಲಿ ಹೊಲಕ್ಕೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗಟ್ಟಿ ಮೊಸರು. ಬಸವಕಲ್ಯಾಣದಲ್ಲಿ ಜೀಪು ನಿಲ್ಲಿಸಿ, ಗುಡಿಗೆ ಕೈಮುಗಿದು, ಮಾವನವರು ಎರಡು ವಿಭೂತಿ ಗಟ್ಟಿ ಕೊಳ್ಳುತ್ತಿದ್ದರು. ಒಂದು ತಮಗೆ, ಒಂದು ಮೀನಿಗೆ. ನಾನು ತಮಾಷೆ ಮಾಡುತ್ತಿಲ್ಲ.

ಹೊಲದಲ್ಲಿ ಸೋಯಾ ಕಟಾವಾಗಿ, ತೊಗರಿ ಹೂ ಬಿಡುವ ಹೊತ್ತು. ಮಕ್ಕಳನ್ನು ಹಿಂದೆ ದೂರ ಕೂರಿಸಿ, ಪಂಚೆ ಎತ್ತಿ ಕಟ್ಟಿ ಮಾವನವರು ನೀರಿಗೆ ಇಳಿಯುವರು. ದಾರ ತಲೆಯ ಮೇಲೆ ಒಮ್ಮೆ ಹಿಂದೆ ಹೋಗಿ, ಉದ್ದಕ್ಕೆ ಚಾಚಿ, ಮುಂದೆ ಬಂದು, ಹುಳ ಸದ್ದಿಲ್ಲದೆ ನೀರ ಮೇಲೆ ಕೂರುತ್ತಿತ್ತು. ಜೀವಮಾನವಿಡೀ ಫೈಲುಗಳ ನಡುವೆ ಇದ್ದ ಮನುಷ್ಯ ಅಷ್ಟು ಚೆಂದವಾಗಿ ತೋಳು ಬೀಸುವುದನ್ನು ನೋಡುವುದೇ ಒಂದು ಸುಖ. ನನ್ನ ಮಗಳು ಕೈ ತಟ್ಟುತ್ತಿದ್ದಳು. ಆ ಗಳಿಗೆಯಲ್ಲಿ ನಾನೂ ಅವರನ್ನು ಪ್ರೀತಿಸಿದ್ದೇನೆ.

ಮೀನು ಬಿದ್ದ ಮೇಲಿನ ವಿಧಿ ಅವರದೇ. ಮೀನಿನ ಲೋಳೆ ಅವರಿಗೆ ಹೇಸಿಗೆ. ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಮಾಣಿಕ ಹೊಸ ಒಣ ಟವೆಲು ಚಾಚುವನು. ಮಾವನವರು ಮೀನನ್ನು ಅದರಲ್ಲಿ ಸುತ್ತಿ, ಹಸುಗೂಸನ್ನು ಒರೆಸಿದ ಹಾಗೆ ತಲೆಯಿಂದ ಬಾಲದವರೆಗೆ ಸ್ವಚ್ಛ ಒರೆಸುವರು. ಒರೆಸಿ, ಗಾಳ ಬಿಡಿಸಿ, ತಲೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುವರು. ‘ಹೋಗಪ್ಪಾ, ಸುಖದಿಂದಿರು’ ಎಂದು ನೀರಿಗೆ ಬಿಡುವರು. ಮೀನು ಒಂದು ಕ್ಷಣ ಗಾಬರಿಯಾಗಿ ನಿಂತು, ಬಾಲ ಬಡಿದು ಹೋಗುತ್ತಿತ್ತು. ಮಾವನವರು ಎರಡೂ ಅಂಗೈ ನಮ್ಮ ಕಡೆ ತಿರುಗಿಸಿ ತೋರಿಸುವರು.

‘ಅಜ್ಜಾ, ಅದಕ್ಕ ನೋವಾಗಂಗಿಲ್ಲೇನು?’ ಎಂದು ನನ್ನ ಮಗಳು ಒಮ್ಮೆ ಕೇಳಿದಳು.

‘ಮುಳ್ಳು ಬಡದು ಚಪ್ಪಟಿ ಮಾಡೀನಿ ಅಲ್ಲವ್ವಾ. ಅದಕ್ಕ ಗೊತ್ತಾಗಂಗೂ ಇಲ್ಲ.’

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮನೆಯಲ್ಲಿ ನಾನು ನುಂಗಿದ ಮಾತುಗಳು ಉಂಡ ಹೋಳಿಗೆಗಿಂತ ಹೆಚ್ಚು.

ಇನ್ನು ಮಡುವಿನ ವಿಷಯ. ಹಳ್ಳ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಮಡು ಇವರ ಹೊಲಕ್ಕೆ ಹತ್ತಿ ಇತ್ತು, ಇವರು ಶಿರಸ್ತೇದಾರರು. ಅಲ್ಲಿ ಒಂದು ತಗಡಿನ ಬೋರ್ಡು ನೆಡಿಸಿದರು: ‘ಇಲ್ಲಿ ಮೀನು ಹಿಡಿಯಬಾರದು.’ ಬಲೆ ಹಾಕಿ ತಿನ್ನುವವರು ಮಡುವನ್ನು ಬರಿದು ಮಾಡುತ್ತಾರೆ, ಮೂಕ ಜೀವಗಳು ಎಲ್ಲಿ ಹೋಗಬೇಕು ಎಂಬುದು ಅವರ ವಾದ. ಕೇರಿಯವರು ತಲೆತಲಾಂತರದಿಂದ ಅಲ್ಲೇ ಗಾಳ ಹಾಕುತ್ತಿದ್ದವರು. ಶಿರಸ್ತೇದಾರರ ಮಾತಿಗೆ ಎದುರಾಡಲಾರದೆ ಬಿಟ್ಟರು. ಬಿಟ್ಟರೋ ಇಲ್ಲವೋ ಎಂದು ಕಾಯುವ ಕೆಲಸವನ್ನು ಮಾವನವರು ಮಾಣಿಕನಿಗೇ ವಹಿಸಿದರು. ತನ್ನವರನ್ನೇ ಅಟ್ಟುವ ಕೆಲಸ. ಅವನು ಅದನ್ನೂ ಮಾಡಿದ.

ಏಳು ವರ್ಷದ ಹಿಂದಿನ ದಸರೆ. ಆ ದಿನ ಬೆಳಿಗ್ಗೆಯಿಂದ ಮಾಣಿಕ ಏನೋ ಹೇಳಲು ಹತ್ತಿರ ಬರುವುದು, ಹಾಗೇ ಹಿಂದೆ ಸರಿಯುವುದು ನಡೆದಿತ್ತು. ನಮ್ಮ ಊಟ ಮುಗಿದು ನಾನು ಕೈ ತೊಳೆಯಲು ಹೋದಾಗ ಬಂದು ನಿಂತ.

‘ಸರ್, ನಮ್ಮ ಹುಡುಗಿ ಹಡದಾಳ್ರಿ. ಚೊಚ್ಚಲ. ಹದಿನೈದು ದಿನ ಆತು. ಹಾಲ ಇಳೀವಲ್ದು. ಕೂಸು ಬರೇ ಅಳಾಕತ್ತದ.’

‘ದವಾಖಾನಿಗೆ ತೋರಿಸಿದೇನು?’

‘ತೋರಿಸೀನ್ರಿ. ಗುಳಿಗಿ ಕೊಟ್ಟಾರ. ಛಲೋ ಉಣ್ಣಾಕ ಹಾಕ್ರಿ ಅಂದಾರ. ನಮ್ಮ ಕೇರ್ಯಾಗಿನ ಮುದುಕಿ ಮರಲಿನ ಸಾರು ಕುಡಿಸು ಅಂತಾಳ. ನಮ್ಮವ್ವಗೂ ಹಂಗ ಕುಡಿಸಿದ್ರಂತ್ರಿ. ಕಲ್ಯಾಣದ ಸಂತಿಗೆ ಎರಡು ಸಲ ಹೋಗಿ ಬಂದೆ, ಮರಲ್ ಸಿಗವಲ್ದು.’ ಅವನು ಮಡುವಿನ ಕಡೆ ನೋಡಿದ. ‘ಅಲ್ಲಿ ಅದ. ನನಗ ಮಾಲೂಮ್ ಅದ ಎಲ್ಲಿ ಅದ ಅಂತ. ಕದ್ದು ಹಿಡೀಲಾರೆ. ನಾನ ಕಾಯಾಂವ. ಇವತ್ತ ಸಾಹೇಬ್ರ ಗಾಳಕ್ಕ ಬಿದ್ರ ನನಗ ಕೊಡ್ರಿ ಅಂತ ನೀವು ಜರಾ ಒಂದು ಮಾತ ಹೇಳ್ರಿ.’

ನಾನು ‘ನೋಡೋಣ’ ಎಂದೆ. ಅಳಿಯಂದಿರ ಮಾತು ಅದು. ನೋಡಲೂ ಇಲ್ಲ, ಹೇಳಲೂ ಇಲ್ಲ. ಹೋಗಿ ಬೇವಿನ ನೆರಳಲ್ಲಿ ಅಡ್ಡಾದೆ.

ನಾಲ್ಕು ಗಂಟೆಯ ಸುಮಾರಿಗೆ ಮಕ್ಕಳು ಕೂಗಿದರು. ಎದ್ದು ಹೋಗುವಷ್ಟರಲ್ಲಿ ಕೋಲು ಬಿಲ್ಲಾಗಿತ್ತು. ಕಪ್ಪು ಗರಿಯಿಂದ ಕಟ್ಟಿದ ಕಪ್ಪೆಯಂಥ ಹುಳವನ್ನು ಮರಲ್ ಕಚ್ಚಿತ್ತು. ಮಾವನವರು ಕಾಲು ಗಂಟೆ ಅದರೊಂದಿಗೆ ಆಡಿ ದಂಡೆಗೆ ಎಳೆದರು. ಮೊಳಕೈಯುದ್ದದ ಮೀನು. ಅಂಥದ್ದು ಅವರಿಗೆ ಎಂದೂ ಬಿದ್ದಿರಲಿಲ್ಲ. ಮುಖ ಮದುಮಗನ ಹಾಗೆ ಅರಳಿತ್ತು. ಟವೆಲಿಗೆ ಕೈ ಚಾಚಿದರು.

ಮಾಣಿಕ ಟವೆಲು ಕೊಡಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದು ನೀರಿನಲ್ಲೇ ನಿಂತ.

‘ಸಾಹೇಬ್ರ, ಇದೊಂದು ನನಗ ಕೊಡ್ರಿ. ನಮ್ಮ ಹುಡುಗಿ ಬಾಣಂತಿ ಅದಾಳ್ರಿ. ಹಾಲಿಲ್ಲ. ಹದಿನಾಲ್ಕು ವರ್ಷದಾಗ ನಾ ಒಂದ ಸಲನೂ ಬೇಡಿಲ್ರಿ.’

ಮಾವನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇವತ್ತು ಇಷ್ಟು ಕಹಿ ಇರುತ್ತಿರಲಿಲ್ಲವೇನೋ. ಬಹಳ ಮೆತ್ತಗೆ, ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು. ‘ಮಾಣಿಕ್ಯಾ, ನಾ ಕೊಟ್ರ ನೀ ಒಯ್ದು ಕೊಲ್ತಿ. ಕೊಂದ ಪಾಪ ಯಾರಿಗೆ? ಕೊಟ್ಟ ಕೈಗೆ. ಇಷ್ಟು ವರ್ಷ ಈ ಕೈಯಾಗ ಒಂದು ಜೀವ ಹೋಗಿಲ್ಲ. ಹಾಲಿಗೇನು, ನಮ್ಮ ಆಕಳ ಹಾಲು ದಿನಾ ಒಂದು ತಂಬಿಗಿ ಒಯ್ಯಿ. ಯಾರು ಬ್ಯಾಡಂತಾರ?’

‘ಕೂಸಿಗೆ ಆಕಳ ಹಾಲು ಒಗ್ಗವಲ್ದು ಸಾಹೇಬ್ರ. ವಾಂತಿ ಮಾಡ್ತದ.’

‘ಒಗ್ಗತದ, ಒಗ್ಗತದ. ನೀರು ಹಾಕಿ ಕುಡಸ್ರಿ.’ ತಾವೇ ಹೆಗಲ ಮೇಲಿನ ಟವೆಲು ತೆಗೆದು ಮೀನನ್ನು ಸುತ್ತಿದರು. ಆಮೇಲೆ, ಏನು ಅನುಮಾನ ಬಂತೋ, ನನ್ನ ಕಡೆ ತಿರುಗಿದರು. ‘ಮಾಸ್ತರ, ನೀವು ಓದಿದೋರು. ನೀವ ಹೇಳ್ರಿ. ಬಿಡೂದು ಖರೇನೋ, ಕೊಡೂದು ಖರೇನೋ?’

ಎಲ್ಲರೂ ನನ್ನನ್ನು ನೋಡಿದರು. ಅತ್ತೆ, ಹೆಂಡತಿ, ಭಾವಮೈದುನ, ಮಕ್ಕಳು. ಮಾಣಿಕನೂ ನೋಡಿದ. ಮಾವನವರು ನಿಜವಾಗಿಯೂ ಕೇಳಿದ್ದರು. ಆ ಒಂದು ಗಳಿಗೆ ಅವರ ಮನಸ್ಸು ಅಲುಗಿತ್ತು, ಒಂದು ಮಾತು ಸಾಕಿತ್ತು ಎಂದು ನನಗೆ ಆಗಲೂ ಗೊತ್ತಿತ್ತು.

‘ನಿಮಗ ಹ್ಯಾಂಗ ಸರಿ ಕಾಣಸ್ತದ ಹಂಗ ಮಾಡ್ರಿ, ಮಾವಾರ’ ಎಂದೆ.

ಮೀನನ್ನು ಒರೆಸಿದರು. ವಿಭೂತಿ ಹಚ್ಚಿದರು. ಬಿಟ್ಟರು. ಮರಲ್ ಒಮ್ಮೆ ನೀರ ಮೇಲೆ ಬಾಯಿ ತೆರೆದು ಗಾಳಿ ನುಂಗಿ ಮಡುವಿನ ಆಳಕ್ಕೆ ಇಳಿಯಿತು. ಮಾಣಿಕ ಕೈಯಲ್ಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿನ ಮೇಲಿಟ್ಟು, ಸಾಮಾನು ಜೀಪಿಗೆ ತುಂಬಿದ. ಮರುದಿನ ಮಾವನವರು ಹೇಳಿದ ಹಾಗೇ ಒಂದು ತಂಬಿಗೆ ಹಾಲು ಕಳಿಸಿದರು, ಒಂದು ಹಾಲಿನ ಪುಡಿ ಡಬ್ಬಿಯನ್ನೂ ಕಳಿಸಿದರು. ಕೊಡಲಿಲ್ಲವೆಂದು ನಾನು ಹೇಳುವಂತಿಲ್ಲ. ಬೇಡಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟರು.

ಅಲ್ಲಿಂದ ಮುಂದೆ ಅದೊಂದು ಕಥೆಯಾಯಿತು. ಮದುವೆ, ನಾಮಕರಣ, ಮಠದ ಕಾರ್ಯಕ್ರಮ, ಎಲ್ಲಿ ನಾಲ್ಕು ಜನ ಸೇರಿದರೂ ಮಾವನವರು ಆ ಕಥೆ ತೆಗೆಯುವರು. ಮೀನು ವರ್ಷಕ್ಕೊಂದಿಷ್ಟು ಬೆಳೆಯಿತು. ‘ಆಳು ಕಾಲ ಹಿಡಕೊಂಡಾನ. ಕೊಡ್ರಿ, ತಿಂತೀನಿ ಅಂತಾನ. ನಾ ಕೊಡ್ಲಿಲ್ಲ. ಕೇಳ್ರಿ ನಮ್ಮ ಅಳಿಯಂದ್ರಿಗೆ, ಕಣ್ಣಾರೆ ನೋಡ್ಯಾರ.’ ಎಲ್ಲರೂ ನನ್ನ ಕಡೆ ತಿರುಗುವರು. ನಾನು ಹೌದು ಹೌದು ಎಂದು ತಲೆಯಾಡಿಸುವೆ. ಆ ಕಥೆಯಲ್ಲಿ ಬಾಣಂತಿ ಇರಲಿಲ್ಲ. ಕೂಸೂ ಇರಲಿಲ್ಲ. ಮೊದಲ ಸಲ ಅವರು ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ನಾನಂತೂ ಮರೆತಿರಲಿಲ್ಲ. ಎರಡು ಮೂರು ವರ್ಷದ ಮೇಲೆ, ಅವರಿಗೆ ದಮ್ಮು ಹತ್ತತೊಡಗಿದಾಗ, ‘ನೀವ ಹೇಳ್ರಿ ಮಾಸ್ತರ’ ಎನ್ನತೊಡಗಿದರು. ನಾನೇ ಹೇಳತೊಡಗಿದೆ. ನನಗೆ ಪಾಠ ಮಾಡಿ ಅಭ್ಯಾಸ, ಚೆನ್ನಾಗಿ ಹೇಳುತ್ತಿದ್ದೆ. ‘ಆ ಕೈಯಲ್ಲಿ ಒಂದು ಜೀವವೂ ಹೋಗಲಿಲ್ಲ’ ಎಂಬ ಮುಕ್ತಾಯ ನಾನೇ ಸೇರಿಸಿದ್ದು.

ಮಾಣಿಕ ಆ ದಿನದಿಂದ ಗಾಳಕೋಲು ಹೊರಲಿಲ್ಲ. ಸೊಂಟನೋವು ಎಂದ. ಮೂರು ವರ್ಷ ಹೊಲ ನೋಡಿಕೊಂಡು, ಆಮೇಲೆ ಹುಮನಾಬಾದಿಗೆ ಬಂದು ಒಂದು ಗೋದಾಮಿನಲ್ಲಿ ವಾಚಮನ್ ಕೆಲಸಕ್ಕೆ ಸೇರಿದ. ‘ಒಂದು ಮೀನಿನ ಸಲುವಾಗಿ ನಂಟ ಬಿಟ್ಟ’ ಎಂದು ಮಾವನವರು ನೊಂದುಕೊಂಡರು. ಆ ನೋವು ನಟನೆಯಲ್ಲ. ಕಡೆಯ ವರ್ಷ ಹಾಸಿಗೆ ಹಿಡಿದಾಗ, ಕಣ್ಣು ಮಂಜಾಗಿತ್ತು, ಆದರೂ ಬೆರಳುಗಳು ಹೊದಿಕೆಯ ಮೇಲೆ ಇಲ್ಲದ ಗರಿಯನ್ನು ಸುತ್ತುತ್ತಲೇ ಇದ್ದವು. ಒಂದು ಮಧ್ಯಾಹ್ನ ಬೇರೆ ಯಾರೂ ಇಲ್ಲದಾಗ ಕೇಳಿದರು. ‘ಮಾಸ್ತರ, ಮಾಣಿಕ್ಯಾನ ಮೊಮ್ಮಗಳು ಹ್ಯಾಂಗದಾಳ?’

ನನಗೆ ಗೊತ್ತಿರಲಿಲ್ಲ. ಏಳು ವರ್ಷದಲ್ಲಿ ವಿಚಾರಿಸಿರಲಿಲ್ಲ. ‘ಛಲೋ ಅದಾಳಂತ್ರಿ’ ಎಂದೆ. ಅವರು ತೃಪ್ತಿಯಿಂದ ಕಣ್ಣು ಮುಚ್ಚಿದರು. ಸಾಯುವವರೆಗೂ ಆ ಮನುಷ್ಯನಿಗೆ ಯಾರೂ ಒಂದು ನಿಜ ಹೇಳಲಿಲ್ಲ.

ಮಾವನವರ ಉತ್ತರಕ್ರಿಯೆಯ ಶಿವಗಣಾರಾಧನೆ ಹುಮನಾಬಾದಿನ ಒಂದು ಕಲ್ಯಾಣ ಮಂಟಪದಲ್ಲಿ. ಮಠದಿಂದ ಸ್ವಾಮಿಗಳು ಬಂದಿದ್ದರು, ತಹಸೀಲಿಯ ಹಳೆಯ ನೌಕರರೆಲ್ಲ ಬಂದಿದ್ದರು. ಗೇಟಿನ ಹೊರಗಿನವರೆಗೂ ಮೈಕು ಹಾಕಿಸಿದ್ದರು. ಕಾರ್ಯಕ್ರಮ ಶುರುವಾಗುವ ಮೊದಲು ಹಿಂಬದಿಯ ಬಾಗಿಲ ಬಳಿ ಮಾಣಿಕ ಕಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹೂವಿನ ಹಾರ. ಕೂದಲೆಲ್ಲ ಬೆಳ್ಳಗಾಗಿತ್ತು. ಮಾತಾಡಿಸಿದೆ. ಮೊಮ್ಮಗಳು ಹೇಗಿದ್ದಾಳೆ ಎಂದು ಕೊನೆಗೂ ಕೇಳಿದೆ.

‘ಸಾಲಿಗೆ ಹೋಗ್ತಾಳ್ರಿ. ಡಬ್ಬಿ ಹಾಲಿನ ಮ್ಯಾಲ ಉಳದ್ಲು. ನಮ್ಮ ಹುಡುಗಿದ ತಕ್ಲೀಫ್. ಅತ್ತಿ ಮನ್ಯಾಗ ಇವತ್ತಿಗೂ ಒಣ ಎದಿಯಾಕಿ ಅಂತ ಆಡ್ಕೋತಾರ.’

ನಾನು ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ‘ಆ ದಿನ ಮಾವನವರು ಕೊಡಬೇಕಾಗಿತ್ತು’ ಎಂದೆ, ಏಳು ವರ್ಷ ತಡವಾಗಿ.

ಮಾಣಿಕ ನಕ್ಕ. ‘ಕೊಡತಿದ್ರಲ್ರಿ ಸರ್, ಹಿಡದಾಗೆಲ್ಲಾ. ಅವ್ರಿಗೆ ಗೊತ್ತಿರ್ಲಿಲ್ಲ, ಅಷ್ಟ.’ ಅವನು ಹೇಳಿದ್ದು ಇದು. ಮಾವನವರು ಒಣ ಟವೆಲಿನಲ್ಲಿ ಒರೆಸಿ ಬಿಟ್ಟ ಮೀನುಗಳಿಗೆ ಎರಡು ದಿನದಲ್ಲಿ ಮೈಮೇಲೆ ಬಿಳಿ ಬೂಷ್ಟು ಹತ್ತುತ್ತಿತ್ತು. ಬೆರಳು ಒತ್ತಿದಲ್ಲಿ ಬೆರಳಿನ ಗುರುತಿಗೆ, ವಿಭೂತಿ ಎಳೆದಲ್ಲಿ ಮೂರು ಗೆರೆಗೆ. ನಿಶ್ಶಕ್ತವಾಗಿ ಹಳ್ಳದ ಜೊತೆ ಕೆಳಗೆ ಬಂದು, ಕೇರಿಯ ಹತ್ತಿರದ ತೆಳುನೀರಿನಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾಣಿಕನ ಹೆಂಡತಿ ಬುಟ್ಟಿ ಒಯ್ದು ಆರಿಸಿಕೊಂಡು ಬರುತ್ತಿದ್ದಳು. ‘ಬೂಷ್ಟು ಕೆತ್ತಿ ಒಗದು ತಿಂತಿದ್ವಿರಿ. ಮಡುವಿನ್ಯಾಗ ನಮಗ ಗಾಳ ಹಾಕಾಕ ಬಿಡಂಗಿಲ್ಲ. ಸಾಹೇಬ್ರು ಹಾಕ್ತಿದ್ರು, ನಾವು ತಿಂತಿದ್ವಿ.’

ನಾನು ಎಂಟನೇ ತರಗತಿಗೆ ಪ್ರತಿ ವರ್ಷ ಕಲಿಸುತ್ತೇನೆ: ಮೀನಿನ ಮೈಮೇಲಿನ ಲೋಳೆ ಅದರ ರಕ್ಷೆ, ಅದನ್ನು ತೆಗೆದರೆ ರೋಗ ಹತ್ತುತ್ತದೆ. ಇಪ್ಪತ್ತು ವರ್ಷ ಕಲಿಸಿದ್ದೇನೆ. ಹಳ್ಳದ ದಂಡೆಯಲ್ಲಿ ಕೂತು ಆ ಟವೆಲನ್ನು ವರ್ಷ ವರ್ಷ ನೋಡಿದ್ದೇನೆ. ಒಮ್ಮೆಯೂ ಹೊಳೆಯಲಿಲ್ಲ ಎಂದು ಹೇಳಿದರೆ ನೀವು ನಂಬಬೇಡಿ. ಹೊಳೆದಿತ್ತು.

‘ನೀನು ಅವರಿಗೆ ಹೇಳಲಿಲ್ಲ ಯಾಕೆ?’

‘ಹೇಳಿದ್ರ ಹಿಡಿಯೂದ ಬಿಡತಿದ್ರು. ಭೋಳೆ ಮನಷ್ಯಾ, ಮನಸಿಗೆ ಹಚ್ಕೋತಿದ್ರು. ಅವ್ರು ಬಿಟ್ರ ನಾವೇನ ತಿನ್ನೂದು?’ ಮಾಣಿಕ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ‘ಮರಲ್ ಒಂದ ಸಾಯಂಗಿಲ್ರಿ ಸರ್. ಗಟ್ಟಿ ಜೀವ. ಒರಸ್ರಿ, ಈಬತ್ತಿ ಹಚ್ರಿ, ಏನ ಮಾಡಿದ್ರೂ ಸಾಯಂಗಿಲ್ಲ. ಉಳಿದದ್ದಕ್ಕ ನಾ ಎಂದೂ ಬಾಯಿ ತಗೀಲಿಲ್ಲ. ಅದೊಂದು ತಾನಾಗಿ ತೇಲಿ ಬರಂಗಿಲ್ಲ ಅಂತ ಬೇಡ್ದೆ.’

ಒಳಗಿನಿಂದ ನನ್ನ ಹೆಸರು ಕರೆದರು. ಭಾವಮೈದುನ ಮೈಕಿನಲ್ಲಿ ಹೇಳುತ್ತಿದ್ದ: ‘ಅಪ್ಪಾಜಿಯವರ ಮರಲ್ ಕಥೆ ನಿಮಗೆಲ್ಲ ಗೊತ್ತು. ಕಣ್ಣಾರೆ ಕಂಡ ನಮ್ಮ ಭಾವನವರು ಈಗ ಹೇಳುತ್ತಾರೆ.’ ಮಾಣಿಕ ನನ್ನ ಮುಖ ನೋಡಿದ. ನಾನು ಒಳಗೆ ಹೋದೆ.

ಮೈಕಿನ ಮುಂದೆ ನಿಂತಾಗ ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತ್ತೆಯವರು ತಲೆ ತಗ್ಗಿಸಿದ್ದರು. ನಿಜ ಹೇಳಿಬಿಡುವುದೆಂದು ಎರಡು ಹೆಜ್ಜೆಯ ಹಿಂದೆ ನಿಶ್ಚಯಿಸಿದ್ದೆ. ಬಾಯಿ ತೆರೆದರೆ ಹಳೆಯ ಕಥೆಯೇ ಬಂತು. ಕಪ್ಪು ಗರಿ, ಬಾಗಿದ ಕೋಲು, ಮೊಳಕೈಯುದ್ದದ ಮೀನು, ಬೇಡಿದ ಆಳು, ಕೊಡದ ಮಾವನವರು. ಕೊನೆಗೆ ಬಂದಾಗ ಮಾತ್ರ ‘ಆ ಕೈಯಲ್ಲಿ ಒಂದು ಜೀವವೂ ಹೋಗಲಿಲ್ಲ’ ಎನ್ನಲು ನಾಲಿಗೆ ಹೊರಳಲಿಲ್ಲ. ‘ಅವರು ಒಂದು ಮೀನನ್ನೂ ತಿಂದವರಲ್ಲ’ ಎಂದು ಮುಗಿಸಿದೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಸ್ವಾಮಿಗಳು ತಲೆದೂಗಿದರು. ಒಂದು ಸುಳ್ಳು ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನದಿಂದ, ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯಿಂದಲೇ ಕೆಳಗಿಳಿದೆ.

ಊಟಕ್ಕೆ ಎಲೆ ಹಾಕುವಾಗ ಮಾಣಿಕ ಹೊರಟು ನಿಂತಿದ್ದ. ಉಂಡು ಹೋಗು ಎಂದೆ. ಒಲ್ಲೆ ಎಂದ. ಚಪ್ಪಲಿ ಮೆಟ್ಟುತ್ತಾ, ತಲೆ ಎತ್ತದೆ ಹೇಳಿದ.

‘ನಮ್ಮ ಹುಡುಗಿನೂ ಬಂದಾಳ್ರಿ. ಗೇಟಿನ ಬಲ್ಲಿ ನಿಂತಾಳ. ಮೈಕಿನಾಗ ಎಲ್ಲಾ ಕೇಳಿಸ್ತು. ಅಪ್ಪಾ, ಇದು ನಂದ ಮಾತಲ್ಲೇನು ಅಂತ ಕೇಳಿದ್ಲು.’

ಅವನು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದ.

‘ಅಲ್ಲವ್ವಾ, ಇದು ಸಾಹೇಬ್ರ ಮೀನಿನ ಮಾತು ಅಂದೆ.’